ಲೀನ್ ಹಾಕಿದ್ದಾಯ್ತು, ಲಾಯರ್ ಎಲ್ಲಿ?

ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಕೆಳಗೆ ಸಣ್ಣಕ್ಷರದಲ್ಲಿ 'ಲೀನ್' ಅಂತ ಒಂದು ಸಾಲು ನೋಡಿರ್ತೀರಿ. ಐಪಿಒಗೆ ಅರ್ಜಿ ಹಾಕಿದಾಗ ದುಡ್ಡು ನಮ್ಮ ಖಾತೆಯಲ್ಲೇ ಇರುತ್ತೆ, ಆದ್ರೆ ಮುಟ್ಟೋ ಹಾಗಿಲ್ಲ. ಅಮೆರಿಕದಲ್ಲಿ ಇದೇ ಪದ ಮನೆಗಳಿಗೂ ಅಂಟಿಕೊಳ್ಳುತ್ತೆ. ಮನೆ ಕೆಲಸ ಮಾಡಿದವನಿಗೆ ದುಡ್ಡು ಬರದಿದ್ದರೆ ಅವನು ಆ ಮನೆಯ ದಾಖಲೆಯ ಮೇಲೆಯೇ ಲೀನ್ ಹಾಕಬಹುದು. ನಮ್ಮಲ್ಲಿ ಸೈಟ್ ತಗೊಳ್ಳೋ ಮುಂಚೆ ಇಸಿ ತೆಗೆಸ್ತೀವಲ್ಲ, ಆ ಥರ ಯಾರಾದ್ರೂ ಅಲ್ಲಿ ದಾಖಲೆ ತೆಗೆಸಿದರೆ ಈ ಬಾಕಿ ಎದ್ದು ಕಾಣುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ 'ಮೆಕ್ಯಾನಿಕ್ಸ್ ಲೀನ್' ಅಂತಾರೆ. ಫ್ಲಾರಿಡಾ, ಕೆನಡಾದ ಒಂಟಾರಿಯೊ ಕಡೆ 'ಕನ್‌ಸ್ಟ್ರಕ್ಷನ್ ಲೀನ್' ಅನ್ನೋದೇ ರೂಢಿ. ಮೆಕ್ಯಾನಿಕ್ ಅಂದ್ರೆ ಗ್ಯಾರೇಜಿನವನಲ್ಲ, ಕೈಕೆಲಸದವನು ಅನ್ನೋ ಹಳೇ ಅರ್ಥ.

ಈ ಸಲ ಈ ವಿಷಯ ಯಾಕೆ ಅಂದ್ರೆ, ಇಲ್ಲಿ ಬೇ ಏರಿಯಾದಲ್ಲಿ ನನ್ನ ರೂಮ್‌ಮೇಟ್‌ನ ಅಣ್ಣ ಒಬ್ಬರಿದ್ದಾರೆ. ಶಿವಮೊಗ್ಗ ಕಡೆಯವರು. ಟೈಲ್ಸ್ ಕೆಲಸದ ಕಂಟ್ರಾಕ್ಟರ್, ಸಿ-54 ಅನ್ನೋ ಟೈಲ್ಸ್ ಲೈಸೆನ್ಸ್ ಇದೆ, ಇಬ್ಬರು ಹುಡುಗರನ್ನ ಇಟ್ಕೊಂಡು ದುಡೀತಾರೆ. ನಾವೆಲ್ಲ ಲ್ಯಾಪ್‌ಟಾಪ್ ಮುಚ್ಚಿದರೆ ತಿಂಗಳ ಕೊನೆಗೆ ಸಂಬಳ ಬರುತ್ತೆ. ಅವರಿಗೆ ಕೆಲಸ ಮುಗಿದ ಮೇಲೆ ವಸೂಲಿ ಅನ್ನೋ ಎರಡನೇ ಕೆಲಸ ಶುರುವಾಗುತ್ತೆ. ಒಂದು ದೊಡ್ಡ ಮನೆಯ ಅಡುಗೆಮನೆ, ಮೂರು ಬಚ್ಚಲು, ಹಿಂದಿನ ಅಂಗಳ ಎಲ್ಲದಕ್ಕೂ ಟೈಲ್ಸ್ ಹಾಕಿದರು. ಒಪ್ಪಂದ 41,000 ಡಾಲರ್. ಕೊನೆಯ 18,500 ಬರಲೇ ಇಲ್ಲ. ಮನೆ ಯಜಮಾನನ ತಕರಾರು: ಒಂದು ಬಚ್ಚಲಲ್ಲಿ ಕೆಲವು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಅಷ್ಟರಲ್ಲಿ ಹುಡುಗರ ಸಂಬಳ ಅಣ್ಣನ ಕ್ರೆಡಿಟ್ ಕಾರ್ಡಿನಿಂದ ಹೋಗಿತ್ತು, ಟೈಲ್ಸ್ ಅಂಗಡಿಯವನು ದಿನಾ ಫೋನು.

ಮಾರ್ಚ್ 4ಕ್ಕೆ ಅಣ್ಣ ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ (ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿದ್ದ ಹಾಗೆ) ಲೀನ್ ದಾಖಲು ಮಾಡಿಸಿದರು. ಆನ್‌ಲೈನ್‌ನಲ್ಲಿ ಫಾರಂ ತುಂಬಿಸಿಕೊಡೋ ಒಂದು ಸೇವೆಗೆ ದುಡ್ಡು ಕಟ್ಟಿ ಮಾಡಿಸಿದ್ದು. ನನಗೆ ವಿಷಯ ಗೊತ್ತಾಗಿದ್ದು ಏಪ್ರಿಲ್ 14ಕ್ಕೆ.

"ಲೀನ್ ಹಾಕಿದೀನಿ ಕಣೋ, ಇನ್ನು ಅವನು ಎಲ್ಲಿಗೆ ಹೋಗ್ತಾನೆ? ಮನೆ ಮಾರೋವಾಗ ತಾನಾಗೇ ಬಂದು ಕೊಡ್ತಾನೆ" ಅಂದ್ರು.

"ಅಣ್ಣಾ, ಹಾಕಿ ಎಷ್ಟು ದಿನ ಆಯ್ತು?"

"ಒಂದೂವರೆ ತಿಂಗಳು ಆಗಿರ್ಬೇಕು. ಯಾಕೆ?"

ಯಾಕೆ ಅಂದ್ರೆ, ಕ್ಯಾಲಿಫೋರ್ನಿಯಾದಲ್ಲಿ ಲೀನ್ ದಾಖಲಾದ ದಿನದಿಂದ 90 ದಿನದೊಳಗೆ, ಆ ಲೀನ್ ಜಾರಿ ಮಾಡಿಸಿ ಅಂತ ಕೋರ್ಟಿನಲ್ಲಿ ದಾವೆ ಹೂಡದಿದ್ದರೆ ಲೀನ್ ಸತ್ತುಹೋಗುತ್ತೆ. ಕಾಗದ ರೆಕಾರ್ಡರ್ ಆಫೀಸಿನಲ್ಲಿ ಹಾಗೇ ಇರುತ್ತೆ, ಬಲ ಮಾತ್ರ ಇರಲ್ಲ. ಅಷ್ಟೇ ಅಲ್ಲ, ಆಮೇಲೆ ಮನೆ ಯಜಮಾನ 10 ದಿನದ ನೋಟಿಸ್ ಕೊಟ್ಟು, ಇದನ್ನ ತೆಗೆಸಿ ಅಂತ ಕೋರ್ಟಿಗೆ ಹೋಗಬಹುದು. ಗೆದ್ದರೆ ಅವನ ಲಾಯರ್ ಫೀಸೂ ಲೀನ್ ಹಾಕಿದವನ ತಲೆಮೇಲೆ. ಅಣ್ಣನ ಲೆಕ್ಕದಲ್ಲಿ 90ನೇ ದಿನ ಜೂನ್ 2. ನಾವು ಮಾತಾಡ್ತಿದ್ದದ್ದು 41ನೇ ದಿನ. ಫಾರಂ ತುಂಬಿಸಿಕೊಟ್ಟ ಸೇವೆಯವರಿಂದ ಬಂದ ಇಮೇಲ್‌ನಲ್ಲಿ 'ಅಭಿನಂದನೆಗಳು, ನಿಮ್ಮ ಲೀನ್ ದಾಖಲಾಗಿದೆ' ಅಂತ ದಪ್ಪಕ್ಷರದಲ್ಲಿತ್ತು. ಮುಂದೇನು ಅಂತ ಎಲ್ಲೂ ಇರಲಿಲ್ಲ. ಅವರು ಲಾಯರ್‌ಗಳಲ್ಲ, ಕಾನೂನು ಸಲಹೆ ಕೊಡೋ ಹಾಗೂ ಇಲ್ಲ, ಸರಿ. ಆದ್ರೆ ಒಂದು ತಾರೀಖು ಬರೆಯೋಕೆ ಏನಾಗಿತ್ತು?

ಲೀನ್ ಅನ್ನೋದರ ಮೂಲ ತರ್ಕ ನಮಗೆ ಹೊಸದಲ್ಲ. ಅಕ್ಕಸಾಲಿಗ ಒಡವೆ ಪಾಲಿಶ್ ಮಾಡಿಟ್ಟು 'ಮಜೂರಿ ಕೊಟ್ಟು ತಗೊಂಡೋಗಿ' ಅಂತಾನೆ. 1872ರ ನಮ್ಮ ಕಾಂಟ್ರಾಕ್ಟ್ ಕಾಯ್ದೆಯ 170ನೇ ಕಲಂನಲ್ಲಿ ಇದೇ ಇದೆ. ಅಲ್ಲಿನ ಉದಾಹರಣೆಯೂ ವಜ್ರ ಕೊರೆಯೋಕೆ ಕೊಟ್ಟ ಕಥೆಯೇ, ಕೂಲಿ ಸಿಗೋವರೆಗೂ ಕಲ್ಲನ್ನ ಇಟ್ಟುಕೊಳ್ಳಬಹುದು ಅಂತ. ಆದ್ರೆ ಟೈಲ್ಸ್ ಹಾಕಿದವನು ಬಚ್ಚಲನ್ನ ಎತ್ತಿಕೊಂಡು ಹೋಗೋಕಾಗುತ್ತಾ? ನಮ್ಮೂರಲ್ಲಿ ಗಾರೆ ಮೇಸ್ತ್ರಿಗೆ ಬಾಕಿ ಉಳಿದರೆ ಮನೆ ಪತ್ರದ ಮೇಲೆ ಅವನಿಗೆ ಇಂಥ ಹಕ್ಕಿಲ್ಲ. ಮೂರು ವರ್ಷದೊಳಗೆ ಹಣಕ್ಕಾಗಿ ದಾವೆ ಹಾಕಬೇಕು, ಇಲ್ಲಾ ಗೇಟಿನ ಮುಂದೆ ನಿಂತು ಕೂಗಾಡಬೇಕು. ಅಮೆರಿಕದಲ್ಲಿ 1791ರಲ್ಲೇ, ವಾಷಿಂಗ್ಟನ್ ನಗರ ಕಟ್ಟೋಕೆ ಹೊರಟಾಗ, ಮೇರಿಲ್ಯಾಂಡ್ ಶಾಸನಸಭೆ ಕೆಲಸಗಾರರಿಗೆ ಕಟ್ಟಡದ ಮೇಲೆಯೇ ಹಕ್ಕು ಕೊಟ್ಟಿತು. ಆ ಕಾನೂನಿನ ಹಿಂದೆ ಥಾಮಸ್ ಜೆಫರ್ಸನ್ ಇದ್ದರು. ಕ್ಯಾಲಿಫೋರ್ನಿಯಾದಲ್ಲಂತೂ ಈ ಹಕ್ಕು ರಾಜ್ಯದ ಸಂವಿಧಾನದಲ್ಲೇ ಇದೆ. ಇಷ್ಟು ಗಟ್ಟಿ ಹಕ್ಕಿಗೆ ಇಷ್ಟು ಚಿಕ್ಕ ಗಡುವು ಇಟ್ಟಿದ್ದಾರೆ. ಅದಕ್ಕೂ ಕಾರಣ ಇದೆ ಅನ್ನಿ: ಬರೀ ಒಂದು ಕಾಗದ ಹಾಕಿ ಇನ್ನೊಬ್ಬರ ಮನೆಯನ್ನ ವರ್ಷಗಟ್ಟಲೆ ಕಟ್ಟಿಹಾಕೋ ಹಾಗಾಗಬಾರದು.

ಸರಿ, ಲಾಯರ್ ಹುಡುಕಬೇಕು. ಊರವರ ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆವು. ಹತ್ತೇ ನಿಮಿಷದಲ್ಲಿ ಏಳು ನಂಬರ್ ಬಂತು. ಐದು ಇಮಿಗ್ರೇಷನ್ ಲಾಯರ್‌ಗಳದ್ದು, ಒಂದು ವಿಲ್ ಬರೆಸೋರದ್ದು, ಒಂದು ಕಾರ್ ಆಕ್ಸಿಡೆಂಟಿನವರದ್ದು. ನಗು ಬಂತು, ಆದ್ರೆ ನಮ್ಮ ಜನರ ಬದುಕು ಅದೇ ತಾನೆ. ಎಚ್-1ಬಿ, ಗ್ರೀನ್ ಕಾರ್ಡ್ ಬಿಟ್ಟು ಲಾಯರ್ ಮನೆ ಬಾಗಿಲು ತಟ್ಟಿದವರು ಕಡಿಮೆ. ಅಣ್ಣ ಮಾತ್ರ ಪಾಪ, ಏಳಕ್ಕೂ ಫೋನ್ ಮಾಡಿದರು. ಆ ಇಮಿಗ್ರೇಷನ್ ಲಾಯರ್‌ಗಳಲ್ಲಿ ಒಬ್ಬರು "ನಾನು ನೋಡ್ಕೋತೀನಿ ಬಿಡಿ, ಸಿಂಪಲ್ ಕೇಸು" ಅಂದ್ರಂತೆ. ಬೇಡ ಅಂದೆ. ಹಲ್ಲು ನೋವಿಗೆ ಕಣ್ಣಿನ ಡಾಕ್ಟ್ರ ಹತ್ರ ಹೋಗಲ್ಲ. ಲೀನ್ ಕೇಸಿನಲ್ಲಿ ನ್ಯಾಯ ಯಾರ ಕಡೆ ಇದೆ ಅನ್ನೋದಕ್ಕಿಂತ ಮೊದಲು ತಾರೀಖು, ಫಾರಂ, ನೋಟಿಸ್ ತಲುಪಿದ ಪುರಾವೆ ಇವೇ ತೀರ್ಮಾನ ಮಾಡೋದು. ಇದನ್ನ ದಿನಾ ಮಾಡೋರೇ ಬೇಕು.

ಕನ್‌ಸ್ಟ್ರಕ್ಷನ್ ಲಾ ಮಾಡೋ ಒಂದು ದೊಡ್ಡ ಆಫೀಸಿಗೆ ಫೋನ್ ಮಾಡಿದರೆ, ಮೊದಲು ಎದುರಾಳಿಯ ಹೆಸರು ಕೇಳಿದರು. ಅವನು ಆಗಲೇ ಅವರ ಕಕ್ಷಿದಾರನಾಗಿದ್ದರೆ ನಮ್ಮ ಕೇಸ್ ತಗೊಳ್ಳೋ ಹಾಗಿಲ್ಲ, ಅದನ್ನ ಪರೀಕ್ಷೆ ಮಾಡಬೇಕಂತೆ. ಅದಕ್ಕೇ ಮೂರು ದಿನ ಹೋಯ್ತು. ಆಮೇಲೆ, ಗಂಟೆಗೆ 450 ಡಾಲರ್, ಮುಂಗಡ 5,000 ಅಂದ್ರು. 18,500ರ ಬಾಕಿಗೆ! ಎಸ್ಟಿಮೇಟ್ ಕೇಳಿದಾಗ "ಇದು ಎದುರಿನವರು ಎಷ್ಟು ಹೋರಾಡ್ತಾರೆ ಅನ್ನೋದರ ಮೇಲೆ" ಅನ್ನೋ ಉತ್ತರ. ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ನಾವೂ ಹೀಗೇ ಹೇಳ್ತೀವಿ, ಆದ್ರೂ ಕೇಳೋವಾಗ ಹೊಟ್ಟೆ ಉರಿಯುತ್ತೆ.

ಸಣ್ಣ ಮೊತ್ತ ಅಲ್ವಾ, ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದ್ರಾಯ್ತು, ಅಲ್ಲಿ ಲಾಯರೇ ಬೇಡ ಅಂತ ಆಫೀಸಿನ ಗೆಳೆಯ ಹೇಳಿದ. ಅದು ಅರ್ಧ ಸರಿ. ಕ್ಯಾಲಿಫೋರ್ನಿಯಾದಲ್ಲಿ ಸ್ಮಾಲ್ ಕ್ಲೇಮ್ಸ್‌ನ ಮಿತಿ ವ್ಯಕ್ತಿಗಳಿಗೆ 12,500 ಡಾಲರ್, ಕಂಪನಿಗಳಿಗೆ 6,250. ಮಿತಿ ಒಳಗೇ ಇದ್ದರೂ ಅಲ್ಲಿ ಹಣಕ್ಕೆ ಆದೇಶ ಸಿಗುತ್ತೇ ಹೊರತು ಲೀನ್ ಜಾರಿ ಮಾಡೋ ಅಧಿಕಾರ ಆ ಕೋರ್ಟಿಗಿಲ್ಲ. ಅಲ್ಲಿ ಕೇಸ್ ಹಾಕಿ ನಿಶ್ಚಿಂತೆಯಿಂದ ಕೂತರೆ 90 ದಿನದ ಗಡಿಯಾರ ನಿಲ್ಲಲ್ಲ. ಸುಪೀರಿಯರ್ ಕೋರ್ಟಿಗೇ ಹೋಗಬೇಕು. 35,000 ಡಾಲರ್ ವರೆಗಿನ ಕೇಸುಗಳಿಗೆ ಅಲ್ಲಿ 'ಲಿಮಿಟೆಡ್ ಸಿವಿಲ್' ಅಂತ ಸ್ವಲ್ಪ ಸರಳ ದಾರಿ ಇದೆ, ಅಣ್ಣನ ಕೇಸು ಅದರಲ್ಲಿ ಕೂರುತ್ತೆ. ಅಣ್ಣ ತಮ್ಮದೇ ಹೆಸರಿನಲ್ಲಿ ವ್ಯವಹಾರ ಮಾಡೋರು, ಬೇಕಿದ್ದರೆ ತಾವೇ ವಾದ ಮಾಡಬಹುದಿತ್ತು. ಎಲ್‌ಎಲ್‌ಸಿ, ಕಾರ್ಪೊರೇಷನ್ ಮಾಡಿಕೊಂಡವರಿಗೆ ಆ ಆಯ್ಕೆಯೂ ಇಲ್ಲ, ಲಾಯರ್ ಇಡಲೇಬೇಕು.

ಕೊನೆಗೆ ದಾರಿ ಸಿಕ್ಕಿದ್ದು ಕೌಂಟಿಯ ಬಾರ್ ಅಸೋಸಿಯೇಷನ್‌ನ ರೆಫರಲ್ ಸೇವೆಯಿಂದ. ನಮ್ಮ ವಕೀಲರ ಸಂಘದ ಥರ ಅಂದ್ಕೊಳ್ಳಿ. ಸ್ಟೇಟ್ ಬಾರ್ ಮಾನ್ಯತೆ ಕೊಟ್ಟ ಇಂಥ ಸೇವೆಗಳಿವೆ; ಫೋನ್ ಮಾಡಿ ವಿಷಯ ಹೇಳಿದರೆ ಆ ವಿಷಯ ಗೊತ್ತಿರೋ ಲಾಯರ್ ಜೊತೆ ಮೊದಲ ಮಾತುಕತೆಗೆ ಕಡಿಮೆ ಫೀಸಿನಲ್ಲಿ ಸಮಯ ಕೊಡಿಸ್ತಾರೆ. ಫೋನ್ ಮಾಡೋವಾಗ "ಮನೆ ಕೆಲಸದ ಜಗಳ" ಅನ್ನಬೇಡಿ ಅಂತ ಅಣ್ಣನಿಗೆ ಹೇಳಿದ್ದೆ. "ಮೆಕ್ಯಾನಿಕ್ಸ್ ಲೀನ್ ದಾಖಲಾಗಿದೆ, ಜೂನ್ 2ರೊಳಗೆ ಫೋರ್‌ಕ್ಲೋಷರ್ ದಾವೆ ಹಾಕಬೇಕು" ಅಂತಲೇ ಹೇಳಿದರು. ಎರಡೇ ದಿನದಲ್ಲಿ ಅಪಾಯಿಂಟ್‌ಮೆಂಟ್. ತಾರೀಖು ಮೊದಲು ಹೇಳಿದರೆ ಆ ಕಡೆಯವರ ದನಿಯೇ ಬದಲಾಗುತ್ತೆ. ಹೆಸರು ಸಿಕ್ಕ ಮೇಲೆ ಸ್ಟೇಟ್ ಬಾರ್ ವೆಬ್‌ಸೈಟಿನಲ್ಲಿ ಆ ಲಾಯರ್ ಹೆಸರು ಹಾಕಿ, ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಶಿಸ್ತುಕ್ರಮ ಏನಾದ್ರೂ ಇದೆಯಾ ಅಂತ ನೋಡಿದೆವು. ಎರಡು ನಿಮಿಷದ ಕೆಲಸ, ಫೋನಿನಲ್ಲೇ ಆಗುತ್ತೆ.

ಆ ಮೇಡಂ (ಅರವತ್ತರ ಆಸುಪಾಸು, ಮೇಜಿನ ಮೇಲೆ ಒಂದು ಟೈಲ್ಸ್ ಸ್ಯಾಂಪಲ್ಲೇ ಪೇಪರ್‌ವೆಯ್ಟ್) ಅಣ್ಣನ ಕಥೆ ಕೇಳಲಿಲ್ಲ. ಅಣ್ಣ ಎರಡು ಸಲ ಶುರು ಮಾಡಿದರು, ಎರಡು ಸಲವೂ ಕೈ ಎತ್ತಿ ನಿಲ್ಲಿಸಿದರು. ಮೊದಲ ಪ್ರಶ್ನೆ, ಲೀನ್ ಮೇಲೆ ರೆಕಾರ್ಡರ್ ಸೀಲಿನ ತಾರೀಖು. ಎರಡನೇದು, ಕೆಲಸ ನಡೆದ ಅಷ್ಟೂ ದಿನ ಲೈಸೆನ್ಸ್ ಚಾಲ್ತಿಯಲ್ಲಿತ್ತಾ? ಇದು ಸುಮ್ಮನೆ ಕೇಳಿದ ಮಾತಲ್ಲ. ಅಲ್ಲಿ ಲೈಸೆನ್ಸ್ ಇಲ್ಲದೆ ಕಂಟ್ರಾಕ್ಟ್ ಕೆಲಸ ಮಾಡಿದವನು ಬಾಕಿ ಕೇಳಿ ಕೋರ್ಟಿಗೆ ಹೋಗೋ ಹಾಗೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಈಗಾಗಲೇ ಪಡೆದ ದುಡ್ಡನ್ನೂ ವಾಪಸ್ ಕೊಡು ಅಂತ ಮನೆಯವನು ದಾವೆ ಹಾಕಬಹುದು. ಕೆಲಸಗಾರರ ವಿಮೆ ತಪ್ಪಿದರೂ ಲೈಸೆನ್ಸ್ ಅಮಾನತಾಗುತ್ತೆ. ಅಣ್ಣ ವಿಮೆ ರಸೀದಿಗಳನ್ನೆಲ್ಲ ಬಿಸ್ಕೆಟ್ ಡಬ್ಬದಲ್ಲಿ ಇಟ್ಟಿದ್ದರು, ಡಬ್ಬ ಸಮೇತ ತಂದಿದ್ದರು. ಮೇಡಂ ಮುಖದಲ್ಲಿ ಮೊದಲ ಸಲ ನಗು ಕಂಡಿದ್ದು ಆಗಲೇ.

ಮೂರನೇದು, ಲೀನ್ ಪ್ರತಿಯನ್ನ ಮನೆ ಯಜಮಾನನಿಗೆ ನೋಟಿಸ್ ಸಮೇತ ಕಳಿಸಿದ ಪುರಾವೆ. ಇದಿಲ್ಲದಿದ್ದರೆ ಕಾನೂನಿನ ಪ್ರಕಾರ ಆ ಲೀನ್ ಜಾರಿಯೇ ಆಗಲ್ಲ. ಸರ್ಟಿಫೈಡ್ ಮೇಲ್ ಚೀಟಿ ಇತ್ತು, ಬಚಾವ್. ನಾಲ್ಕನೇದು, ಮೊತ್ತದಲ್ಲಿ ಏನೇನು ಸೇರಿಸಿದೀರಿ? ಮಾಡಿದ ಕೆಲಸದ, ಹಾಕಿದ ಸಾಮಾನಿನ ಬೆಲೆ ಮಾತ್ರ ಲೀನ್‌ಗೆ ಬರುತ್ತೆ. ಲಾಯರ್ ಖರ್ಚು, ಓಡಾಟ, ಮನಸ್ಸಿಗಾದ ಬೇಜಾರು ಯಾವುದೂ ಸೇರಲ್ಲ. ಮೋಸದ ಉದ್ದೇಶದಿಂದ ಬೇಕಂತಲೇ ಹೆಚ್ಚಿಗೆ ಬರೆದಿದ್ದರೆ ಲೀನೇ ರದ್ದಾಗಬಹುದು. ಅಣ್ಣನದು ನೇರ ಮನೆಯವನ ಜೊತೆ ಒಪ್ಪಂದ, ಹಾಗಾಗಿ ಇನ್ನೊಂದು ಪ್ರಶ್ನೆ ಬರಲಿಲ್ಲ. ಅವರು ಬೇರೆ ಕಂಟ್ರಾಕ್ಟರ್ ಕೈಕೆಳಗೆ ಸಬ್ ಕಂಟ್ರಾಕ್ಟರ್ ಆಗಿದ್ದಿದ್ದರೆ, ಕೆಲಸ ಶುರು ಮಾಡಿದ 20 ದಿನದೊಳಗೆ 'ಪ್ರಿಲಿಮಿನರಿ ನೋಟಿಸ್' ಕೊಟ್ಟಿದೀರಾ ಅನ್ನೋದೇ ಮೊದಲ ಪ್ರಶ್ನೆ ಆಗ್ತಿತ್ತು. ಅದಿಲ್ಲದೆ ಬಂದವರನ್ನ ಲಾಯರ್ ಕೂಡ ಬರೀ ಕೈಯಲ್ಲಿ ಕಳಿಸಬೇಕಾಗುತ್ತೆ.

ಒಪ್ಪಂದದಲ್ಲಿ ಒಂದು ಸಾಲು ನಮಗೆ ಭಯ ಹುಟ್ಟಿಸಿತ್ತು: ಯಾವುದೇ ವಿವಾದ ಬಂದರೆ ಆರ್ಬಿಟ್ರೇಷನ್ ಮೂಲಕವೇ ಅಂತ. ಅಂದ್ರೆ ಕೋರ್ಟಿಗೆ ಹೋಗೋ ಹಾಗಿಲ್ವಾ? ಆರ್ಬಿಟ್ರೇಷನ್ ಮುಗಿಯೋವರೆಗೆ ಕಾಯೋಣ ಅಂತ ಕೂತು ಲೀನ್ ಕಳಕೊಂಡವರನ್ನ ತುಂಬ ನೋಡಿದೀನಿ ಅಂದ್ರು ಮೇಡಂ. ಕಾನೂನು ಇದಕ್ಕೆ ದಾರಿ ಇಟ್ಟಿದೆ. ದಾವೆ ಹಾಕಿ, ಅದರ ಜೊತೆಗೇ 'ಆರ್ಬಿಟ್ರೇಷನ್ ಮುಗಿಯೋವರೆಗೂ ಇದನ್ನ ತಡೆಹಿಡಿಯಿರಿ' ಅಂತ ಕೇಳಿಕೊಂಡರೆ ಎರಡೂ ಹಕ್ಕು ಉಳಿಯುತ್ತೆ.

ಫೀಸಿನ ಮಾತು. ಪೂರ್ತಿ ಕೇಸ್ ಬೇಡ, ಇಷ್ಟು ಮಾತ್ರ ಮಾಡಿಕೊಡಿ ಅಂತ ಕೇಳಬಹುದು, ಅದಕ್ಕೆ 'ಲಿಮಿಟೆಡ್ ಸ್ಕೋಪ್' ಅಂತಾರೆ ಅನ್ನೋದು ನಮಗೆ ಗೊತ್ತಾಗಿದ್ದು ಅಲ್ಲೇ. ದಾವೆ ಬರೆದು ಸಲ್ಲಿಸೋದು, ಮನೆ ಮೇಲೆ ಸಾಲ ಕೊಟ್ಟ ಬ್ಯಾಂಕನ್ನೂ ಪ್ರತಿವಾದಿ ಮಾಡೋದು, 'ಲಿಸ್ ಪೆಂಡೆನ್ಸ್' ದಾಖಲಿಸೋದು, ಒಂದು ರಾಜಿ ಪತ್ರ ಬರೆಯೋದು, ಇಷ್ಟಕ್ಕೆ ಒಟ್ಟು 2,800 ಡಾಲರ್, ಕೋರ್ಟ್ ಫೀ ಬೇರೆ. ಲಿಸ್ ಪೆಂಡೆನ್ಸ್ ಅಂದ್ರೆ ಈ ಆಸ್ತಿ ಮೇಲೆ ಕೇಸ್ ನಡೀತಿದೆ ಅನ್ನೋ ಬಹಿರಂಗ ನೋಟಿಸು. ದಾವೆ ಹಾಕಿದ 20 ದಿನದೊಳಗೆ ರೆಕಾರ್ಡರ್ ಆಫೀಸಿಗೆ ಹೋಗಬೇಕು. ಬರೀ 90 ದಿನದ ಲೆಕ್ಕ ಇಟ್ಟವರು ಇದನ್ನ ಮರೆತುಬಿಡ್ತಾರಂತೆ. ಎಲ್ಲವನ್ನೂ ಬರಹದಲ್ಲಿ ಕೊಟ್ಟರು. 1,000 ಡಾಲರ್ ದಾಟೋ ಕೆಲಸಕ್ಕೆ ಫೀಸಿನ ಒಪ್ಪಂದ ಲಿಖಿತವಾಗಿರಬೇಕು ಅನ್ನೋದು ಅಲ್ಲಿನ ಸಾಮಾನ್ಯ ನಿಯಮ. ಬಾಯಿಮಾತಲ್ಲಿ ಮುಗಿಸೋ ಲಾಯರ್ ಸಿಕ್ಕರೆ ನಾನಾಗಿದ್ದರೆ ಎದ್ದು ಬರ್ತಿದ್ದೆ.

"ಅವನ ಮನೆ ಹರಾಜಿಗೆ ಬರುತ್ತಾ ಮೇಡಂ?" ಅಂತ ಅಣ್ಣ ಕೇಳಿದ್ದು ಸ್ವಲ್ಪ ಆಸೆಯಿಂದಲೇ. ಹಾಗೆ ಯೋಚಿಸಬೇಡಿ ಅಂದ್ರು. ಮನೆ ಕೊಳ್ಳೋವಾಗ ಕೊಟ್ಟ ಬ್ಯಾಂಕ್ ಸಾಲ ಈ ಲೀನ್‌ಗಿಂತ ಮುಂಚಿನದು, ಹರಾಜಾದರೆ ಮೊದಲು ಅದು ತೀರಬೇಕು. ಬಹುತೇಕ ಕೇಸುಗಳು ಅಲ್ಲಿವರೆಗೆ ಹೋಗಲ್ಲ. ಯಜಮಾನ ಮನೆ ಮಾರೋಕೆ, ಸಾಲ ಬದಲಾಯಿಸೋಕೆ ಹೋದಾಗ ಎದುರಾಗೋ ಅಡ್ಡಿಯೇ ಲೀನಿನ ಶಕ್ತಿ. ದಾವೆ ಹಾಕಿದ ಮೇಲಷ್ಟೇ ಆ ಅಡ್ಡಿಗೆ ಬಾಳಿಕೆ.

ಮೇ 14ಕ್ಕೆ, 71ನೇ ದಿನ, ದಾವೆ ಸಲ್ಲಿಕೆಯಾಯ್ತು. ರಾಜಿ ಪತ್ರದಲ್ಲಿ ಮೇಡಂ ಒಂದು ಸಣ್ಣ ಲೆಕ್ಕ ಹಾಕಿದ್ದರು. ಕೆಲಸದ ಬಗ್ಗೆ ಪ್ರಾಮಾಣಿಕ ತಕರಾರಿದ್ದರೆ ಯಜಮಾನ ದುಡ್ಡು ತಡೆಹಿಡಿಯಬಹುದು, ನಿಜ. ಎಷ್ಟು? ತಕರಾರಿರೋ ಮೊತ್ತದ 150 ಪರ್ಸೆಂಟ್ ವರೆಗೆ. ಆ ಟೊಳ್ಳು ಟೈಲ್ಸ್ ಕಿತ್ತು ಹೊಸದಾಗಿ ಹಾಕೋಕೆ ಬೇರೆ ಕಂಟ್ರಾಕ್ಟರ್ ಕೊಟ್ಟ ಅಂದಾಜು 1,200 ಡಾಲರ್. ಅಂದ್ರೆ 1,800 ಹಿಡಿಯಬಹುದಿತ್ತು, 18,500 ಅಲ್ಲ. ತಪ್ಪಾಗಿ ಹಿಡಿದಿಟ್ಟ ಹಣಕ್ಕೆ ತಿಂಗಳಿಗೆ 2 ಪರ್ಸೆಂಟ್ ದಂಡ ಕೇಳಬಹುದು, ಗೆದ್ದವರಿಗೆ ಲಾಯರ್ ಫೀಸೂ ಸಿಗುತ್ತೆ. ನಾಲ್ಕು ತಿಂಗಳಿಂದ ಫೋನ್ ಎತ್ತದ ಮನುಷ್ಯ ಆ ಪತ್ರ ಹೋದ ಎರಡನೇ ವಾರ ತಾನೇ ಫೋನ್ ಮಾಡಿದ. ಮನೆ ಸಾಲ ಬದಲಾಯಿಸೋಕೆ ಅರ್ಜಿ ಹಾಕಿದ್ದನಂತೆ, ಹೊಸ ಬ್ಯಾಂಕಿನವರು ಮೊದಲು ಇದನ್ನ ಬಗೆಹರಿಸ್ಕೊಂಡು ಬಾ ಅಂದಿದ್ದರು. 17,300ಕ್ಕೆ ಇತ್ಯರ್ಥ ಆಯ್ತು. ಟೈಲ್ಸ್ ಅಂಗಡಿ ಬಾಕಿ, ಲಾಯರ್ ಫೀಸು ಕಳೆದು ಉಳಿದಿದ್ದು ನೇರ ಕ್ರೆಡಿಟ್ ಕಾರ್ಡಿಗೆ.

ಬೇರೆ ರಾಜ್ಯದಲ್ಲಿರೋರು ಈ ದಿನಗಳ ಲೆಕ್ಕವನ್ನ ಹಾಗೇ ನಕಲು ಮಾಡಬೇಡಿ. ಫ್ಲಾರಿಡಾದಲ್ಲಿ ದಾವೆಗೆ ಒಂದು ವರ್ಷ ಇದೆ, ಆದ್ರೆ ಮನೆಯವನು ಒಂದು ನೋಟಿಸ್ ದಾಖಲಿಸಿ ಅದನ್ನ 60 ದಿನಕ್ಕೆ ಇಳಿಸಬಹುದು. ಆ ನೋಟಿಸು ಅಂಚೆಯಲ್ಲಿ ಬರುತ್ತೆ, ಜಾಹೀರಾತು ಅಂತ ಬಿಸಾಕಿದರೆ ಹೋಯ್ತು. ವಾಷಿಂಗ್ಟನ್ ರಾಜ್ಯದಲ್ಲಿ ಲೀನ್ ದಾಖಲಾದ ಮೇಲೆ 8 ತಿಂಗಳು. ಒಂಟಾರಿಯೊದಲ್ಲಿ 90 ದಿನ ಎಣಿಸೋದು ಲೀನ್ ಹಾಕಿದ ದಿನದಿಂದಲ್ಲ, ಹಾಕೋಕೆ ಇದ್ದ ಕೊನೇ ದಿನದಿಂದ. ಇನ್ನು, ಕ್ಯಾಲಿಫೋರ್ನಿಯಾದಲ್ಲೇ ಯಾರಿಗಾದ್ರೂ 90 ದಿನ ಕಳೆದೇ ಹೋಗಿದ್ದರೆ, ಲೀನ್ ಹೋದ ಮಾತ್ರಕ್ಕೆ ಬಾಕಿ ಹೋಗಲ್ಲ. ಲಿಖಿತ ಒಪ್ಪಂದ ಮುರಿದಿದ್ದಕ್ಕೆ ದಾವೆ ಹಾಕೋಕೆ 4 ವರ್ಷ ಇದೆ, ಬಾಯಿಮಾತಿನದ್ದಾದ್ರೆ 2. ಆಗ ಲಾಯರ್ ಹತ್ರ ಮೊದಲು ಕೇಳಬೇಕಾದ್ದು, ಆ ಸತ್ತ ಲೀನನ್ನ ನಾವೇ ತೆಗೆಸೋದು ಹೇಗೆ ಅಂತ.

ಈ ಅಂಕಣ ಓದೋರಲ್ಲಿ ಟೈಲ್ಸ್ ಹಾಕೋರಿಗಿಂತ ಹಾಕಿಸೋರೇ ಜಾಸ್ತಿ ಅಂತ ಗೊತ್ತು. ನೀವು ಮುಖ್ಯ ಕಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದರೂ, ಅವನು ತನ್ನ ಪ್ಲಂಬರ್‌ಗೆ ಕೊಟ್ಟಿಲ್ಲ ಅಂದ್ರೆ ನೀವು ಮುಖವೇ ನೋಡದ ಆ ಪ್ಲಂಬರ್ ನಿಮ್ಮ ಮನೆ ಮೇಲೆ ಲೀನ್ ಹಾಕಬಹುದು. ಕೆಲಸದ ಶುರುವಿನಲ್ಲಿ ಅಪರಿಚಿತರಿಂದ ಪ್ರಿಲಿಮಿನರಿ ನೋಟಿಸ್ ಬಂದರೆ ಗಾಬರಿ ಬೇಡ, ನಿಮ್ಮ ಮನೆಗೆ ಯಾರ್‍ಯಾರು ದುಡೀತಿದ್ದಾರೆ ಅನ್ನೋ ಪಟ್ಟಿ ಅದು. ಪ್ರತಿ ಕಂತು ಕೊಡೋವಾಗ ಅವರೆಲ್ಲರಿಂದ ಲೀನ್ ಬಿಟ್ಟುಕೊಟ್ಟ 'ವೇವರ್' ಸಹಿ ಮಾಡಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನೇ ಗೊತ್ತುಮಾಡಿದ ನಾಲ್ಕು ಫಾರಂಗಳಿವೆ. ಸಹಿ ಹಾಕೋ ಕಡೆಯವರಾದ್ರೆ, ಚೆಕ್ ಪಾಸಾಗೋವರೆಗೂ 'ಅನ್‌ಕಂಡಿಷನಲ್' ಅಂತ ಇರೋದಕ್ಕೆ ಮಾತ್ರ ಪೆನ್ನು ತಾಗಿಸಬೇಡಿ. ಅಣ್ಣ ಕೂಡ ಮೊದಲು ಕೊಟ್ಟಿದ್ದು ಕಂಡಿಷನಲ್ ಫಾರಂ. ಚೆಕ್ ಪಾಸಾಗಿ ಐದನೇ ದಿನ ರೆಕಾರ್ಡರ್ ಆಫೀಸಿಗೆ ಹೋಗಿ ಲೀನ್ ಬಿಡುಗಡೆ ಪತ್ರ ದಾಖಲಿಸಿ, ಲಿಸ್ ಪೆಂಡೆನ್ಸ್ ವಾಪಸ್ ತಗೊಂಡು, ಅದೇ ಸಂಜೆ ಮೇಡಂ ಆಫೀಸಿಗೆ ದಾವೆ ಹಿಂತೆಗೆಯೋ ಫಾರಂಗೆ ಸಹಿ ಹಾಕೋಕೆ ಹೋದರು.